ಪ್ಯಾಕೆಟ್ ಒಡೆಯುವ ಮುನ್ನ ಒಂದು ಲೆಕ್ಕ

ಇಸ್ಪೀಟು ಕಟ್ಟು ಕೊಂಡರೆ 52 ಎಲೆಯೂ ಕೈಗೆ ಬರುತ್ತವೆ, ಎದುರು ಕೂತವನಿಗೂ ಅವೇ 52. ಈ ಸಮಾನತೆಯನ್ನು ಬೇಕೆಂದೇ ಕೆಡಿಸಿದ ಆಟ 'ಮ್ಯಾಜಿಕ್: ದಿ ಗ್ಯಾದರಿಂಗ್'. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರ ಆಗಸ್ಟ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಎಲೆಗಳು ಮುಚ್ಚಿದ ಪ್ಯಾಕೆಟ್‌ನಲ್ಲಿರುತ್ತವೆ. ಒಳಗೇನಿದೆ ಎಂಬುದು ಒಡೆದ ಮೇಲಷ್ಟೇ ಗೊತ್ತು. ಸಿಕ್ಕ ಎಲೆಗಳಿಂದ ಪ್ರತಿಯೊಬ್ಬರೂ ತಮ್ಮದೇ ಡೆಕ್, ಅಂದರೆ ಆಡುವ ಕಟ್ಟು, ಕಟ್ಟಿಕೊಂಡು ಬಂದು ಆಡಬೇಕು. 1996ರಲ್ಲಿ ಜಪಾನಿನಿಂದ ಬಂದ ಪೋಕೆಮಾನ್ ಕಾರ್ಡು, 1999ರ ಯು-ಗಿ-ಓ, ಎರಡೂ ಇದೇ ದಾರಿ ಹಿಡಿದವು. ಈ ಮಾದರಿಯಲ್ಲಿ ಆಟ ಮತ್ತು ಲಾಟರಿ ಒಂದೇ ಹಾಳೆಯಲ್ಲಿ ಸುತ್ತಿ ಬರುತ್ತವೆ. ಖರ್ಚಿನ ಮಾತು ಬಂದಾಗ ಮೊದಲು ಮಾಡಬೇಕಾದ ಕೆಲಸ ಇವೆರಡನ್ನೂ ಬಿಡಿಸಿ ನೋಡುವುದು.

ಮೊದಲು ಆಟ. ಮ್ಯಾಜಿಕ್‌ನ ಸಾಮಾನ್ಯ ಡೆಕ್ ಎಂದರೆ ಕನಿಷ್ಠ 60 ಎಲೆ. ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. ಇಬ್ಬರಿಗೂ 20 ಪ್ರಾಣಾಂಕ, ಮೊದಲ ಕೈಗೆ 7 ಎಲೆ. ಲ್ಯಾಂಡ್ ಇಳಿಸಿದರೆ ಮಾನಾ ಹುಟ್ಟುತ್ತದೆ, ಉಳಿದ ಎಲೆಗಳನ್ನು ಆಡಲು ಅದೇ ಬಂಡವಾಳ. ಮಾನಾಕ್ಕೂ ಎಲೆಗಳಿಗೂ ಐದು ಬಣ್ಣ, ಎಲೆಯ ಬಣ್ಣಕ್ಕೆ ತಕ್ಕ ಮಾನಾ ಬೇಕು. 60ರಲ್ಲಿ 24 ಲ್ಯಾಂಡ್ ಇಟ್ಟರೆ ಮೊದಲ ಏಳರಲ್ಲಿ ಎರಡರಿಂದ ನಾಲ್ಕು ಲ್ಯಾಂಡ್ ಬರುವ ಸಾಧ್ಯತೆ ಶೇ 77ರ ಆಸುಪಾಸು. ಒಂದೇ ಲ್ಯಾಂಡ್ ಬರುವುದು ಅಥವಾ ಒಂದೂ ಬಾರದಿರುವುದು ಶೇ 14ರಷ್ಟು, ಅಂದರೆ ಏಳು ಆಟಕ್ಕೊಮ್ಮೆ. ಆಗ ಕೈ ವಾಪಸ್ ಕೊಟ್ಟು ಹೊಸ ಏಳು ತೆಗೆಯಬಹುದು, ಆದರೆ ಒಂದು ಎಲೆಯನ್ನು ಡೆಕ್ಕಿನ ಅಡಿಗೆ ಸೇರಿಸಬೇಕು. ಇನ್ನೊಂದು ಅಂಕಿ: ನಾಲ್ಕು ಪ್ರತಿ ಇಟ್ಟುಕೊಂಡ ಎಲೆ ಮೊದಲ ಕೈಯಲ್ಲಿ ಸಿಗುವ ಸಾಧ್ಯತೆ ಶೇ 40, ಮೂರು ಪ್ರತಿ ಇದ್ದರೆ ಶೇ 31.5, ಒಂದೇ ಇದ್ದರೆ ಶೇ 11.7.

ಈ ಆಟ ಹುಚ್ಚು ಹಿಡಿಸುವುದು ಈ ಅಂಕಿಗಳ ನಡುವಿನ ಸಂದಿನಲ್ಲಿ. ಚದುರಂಗದಲ್ಲಿ ಹೊಸಬ ಪಳಗಿದವನ ಎದುರು ನೂರಕ್ಕೆ ನೂರು ಸೋಲುತ್ತಾನೆ. ಇಲ್ಲಿ ಏಳಕ್ಕೊಮ್ಮೆ ಕೈಕೊಡುವ ಮಾನಾ ಅವನಿಗೂ ಒಂದೆರಡು ಗೆಲುವು ಉಳಿಸುತ್ತದೆ. ಹಾಗಂತ ಇದು ಬರೀ ಅದೃಷ್ಟವಲ್ಲ. 24ರ ಬದಲು 22 ಲ್ಯಾಂಡ್ ಇಡಬೇಕೇ, ಮೂರನೆಯ ಬಣ್ಣ ಸೇರಿಸಿದರೆ ಡೆಕ್ ತಡವರಿಸುತ್ತದೆಯೇ ಎಂದು ಮನೆಯಲ್ಲಿ ಕೂತು ಮಾಡುವ ಲೆಕ್ಕಾಚಾರ ಅರ್ಧ ಆಟ. ಹೊಸಬರ ಡೆಕ್ ಸೋಲುವುದು ಸಾಮಾನ್ಯವಾಗಿ ದುಬಾರಿ ಎಲೆ ಇಲ್ಲದ್ದಕ್ಕಲ್ಲ. 60 ಸಾಕಾದ ಕಡೆ 75 ತುರುಕಿದ್ದಕ್ಕೆ, ಇಷ್ಟವಾದದ್ದೆಲ್ಲ ಒಂದೊಂದೇ ಪ್ರತಿ ಇಟ್ಟದ್ದಕ್ಕೆ, ಲ್ಯಾಂಡ್ ಬೇಜಾರೆಂದು ಹದಿನೆಂಟಕ್ಕೆ ಇಳಿಸಿದ್ದಕ್ಕೆ.

ಈಗ ಲಾಟರಿ. 2024ರಲ್ಲಿ ಪ್ಯಾಕೆಟ್‌ನ ರಚನೆ ಬದಲಾಯಿತು. ಅದಕ್ಕೂ ಮುಂಚಿನ 15 ಎಲೆಯ ಪ್ಯಾಕೆಟ್ (ಬೂಸ್ಟರ್) ಲೆಕ್ಕಕ್ಕೆ ಸುಲಭ: ಹತ್ತು ಕಾಮನ್ (ಸಾಮಾನ್ಯ), ಮೂರು ಅನ್‌ಕಾಮನ್, ಒಂದು ರೇರ್ (ಅಪರೂಪ) ಅಥವಾ ಮಿಥಿಕ್ (ಇನ್ನೂ ಅಪರೂಪ), ಒಂದು ಲ್ಯಾಂಡ್. ಒಟ್ಟಿಗೆ ಬಿಡುಗಡೆಯಾಗುವ ಎಲೆಗಳ ಗುಂಪಿಗೆ ಸೆಟ್ ಎನ್ನುತ್ತಾರೆ, ಆ ಕಾಲದ ದೊಡ್ಡ ಸೆಟ್ಟೊಂದರಲ್ಲಿ 53 ರೇರ್, 15 ಮಿಥಿಕ್. ಮುದ್ರಣದ ಹಾಳೆಯಲ್ಲಿ ರೇರ್ ಎರಡೆರಡು ಬಾರಿ, ಮಿಥಿಕ್ ಒಂದೊಂದೇ ಬಾರಿ ಇರುತ್ತಿತ್ತು, ಒಟ್ಟು 121 ಜಾಗ. ಹಾಗಾಗಿ ನಿಮಗೆ ಬೇಕಾದ ನಿರ್ದಿಷ್ಟ ಮಿಥಿಕ್ ಒಂದು ಪ್ಯಾಕೆಟ್‌ನಲ್ಲಿ ಸಿಗುವ ಸಾಧ್ಯತೆ 121ರಲ್ಲಿ 1. ಇಡೀ 36 ಪ್ಯಾಕೆಟ್‌ನ ಬಾಕ್ಸ್ ಒಡೆದರೂ ಅದು ಸಿಗುವುದು ಶೇ 26ರಷ್ಟು ಮಾತ್ರ, ನಿರ್ದಿಷ್ಟ ರೇರ್ ಆದರೆ ಶೇ 45. ನಾಲ್ಕು ಪ್ರತಿ ಬೇಕೆಂದರೆ ಸರಾಸರಿ 484 ಪ್ಯಾಕೆಟ್. ಪ್ಯಾಕೆಟ್‌ಗೆ 400 ರೂಪಾಯಿ ಎಂದಿಟ್ಟುಕೊಂಡರೂ 1,93,600 ರೂಪಾಯಿ! ಹದಿನೈದೂ ಮಿಥಿಕ್‌ಗಳನ್ನು ಒಂದೊಂದು ಪ್ರತಿ ಕೂಡಿಸಲು ಹೊರಟರೆ ಸುಮಾರು 400 ಪ್ಯಾಕೆಟ್, ಏಕೆಂದರೆ ಕೊನೆಯ ಎರಡು ಮೂರಕ್ಕೆ ಕಾಯುವಾಗ ಆಗಲೇ ಇರುವುದೇ ಮತ್ತೆ ಮತ್ತೆ ಬರುತ್ತದೆ. ಚಿಪ್ಸ್ ಪ್ಯಾಕೆಟ್‌ನ ಟ್ಯಾಜೊ ಕೂಡಿಸಿದ ಪೀಳಿಗೆಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಹೊಸ ಪ್ಯಾಕೆಟ್‌ಗಳಲ್ಲಿ ಎರಡನೇ ರೇರ್ ಸಿಗುವ ಅವಕಾಶ ಉಂಟು, ಪ್ಯಾಕೆಟ್‌ನ ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ.

ಆದ್ದರಿಂದ ಡೆಕ್ ಕಟ್ಟುವವರು ಬಿಡಿ ಎಲೆ, ಅಂದರೆ ಸಿಂಗಲ್ಸ್, ಕೊಳ್ಳಬೇಕು. ಇದರಲ್ಲಿ ಎರಡು ಮಾತಿಲ್ಲ. ಮಾತಿರುವುದು ಯಾವಾಗ, ಯಾವುದು ಎಂಬುದರ ಬಗ್ಗೆ. ಹೊಸ ಸೆಟ್ ಬಿಡುಗಡೆಯಾದ ವಾರ ಬೆಲೆ ತುದಿಯಲ್ಲಿರುತ್ತದೆ. ಎಲ್ಲರೂ ಬಾಕ್ಸ್ ಒಡೆದು ಬಿಡಿ ಎಲೆ ಮಾರುಕಟ್ಟೆಗೆ ಬಿಟ್ಟಂತೆ ಎರಡು ಮೂರು ವಾರದಲ್ಲಿ ಬಹುಪಾಲು ಎಲೆಗಳು ಇಳಿಯುತ್ತವೆ. ಹೊಸಬರಿಗೆ ವಿಚಿತ್ರ ಎನಿಸುವ ಸಂಗತಿ, ಡೆಕ್ಕಿನಲ್ಲಿ ಹಣ ತಿನ್ನುವುದು ಹಲವು ಸಲ ಬೆಂಕಿ ಉಗುಳುವ ಡ್ರ್ಯಾಗನ್ ಅಲ್ಲ, ಎರಡು ಬಣ್ಣದ ಮಾನಾ ಕೊಡುವ ಲ್ಯಾಂಡ್. ಡ್ರ್ಯಾಗನ್ ಒಂದು ಡೆಕ್ಕಿಗಷ್ಟೇ ಹೊಂದುತ್ತದೆ, ಆ ಲ್ಯಾಂಡ್ ಆ ಬಣ್ಣದ ಪ್ರತಿ ಡೆಕ್ಕಿಗೂ ನಾಲ್ಕು ಬೇಕು. ಹಣ ಹಾಕಲೇಬೇಕೆಂದಿದ್ದರೆ ಲ್ಯಾಂಡ್‌ಗೇ ಹಾಕುವುದು ಮೇಲು. ಡೆಕ್ ಬದಲಾದರೂ ಅವು ಮುಂದಿನದಕ್ಕೆ ಒದಗುತ್ತವೆ.

ಕಾರ್ಡನ್ನು ಚಿನ್ನದಂತೆ ಹೂಡಿಕೆ ಎಂದುಕೊಳ್ಳುವವರಿಗೆ ಎರಡು ದಿನಾಂಕ ಸಾಕು. 2019ರ ಅಕ್ಟೋಬರ್‌ನಲ್ಲಿ ಬಂದ 'ಓಕೋ' ಎಲ್ಲರಿಗೂ ಬೇಕಾದ ಎಲೆಯಾಗಿತ್ತು, ನವೆಂಬರ್ 18ಕ್ಕೆ ಸ್ಟ್ಯಾಂಡರ್ಡ್ (ಇತ್ತೀಚಿನ ಸೆಟ್ಟುಗಳಿಂದಷ್ಟೇ ಆಡುವ ಮಾದರಿ) ಪಂದ್ಯಗಳಲ್ಲಿ ನಿಷೇಧವಾಯಿತು. 2024ರ ಸೆಪ್ಟೆಂಬರ್ 23ರಂದು ಕಮಾಂಡರ್ ಎಂಬ ಇನ್ನೊಂದು ಆಟದ ಮಾದರಿಯಲ್ಲಿ 'ಮಾನಾ ಕ್ರಿಪ್ಟ್', 'ಜ್ಯೂವೆಲ್ಡ್ ಲೋಟಸ್' ಮೊದಲಾದ ನಾಲ್ಕು ಎಲೆ ನಿಷೇಧವಾದವು. ಜ್ಯೂವೆಲ್ಡ್ ಲೋಟಸ್ ಕಮಾಂಡರ್‌ಗಷ್ಟೇ ಉಪಯೋಗವಾಗುವ ಎಲೆ, ರಾತ್ರಿ ಬೆಳಗಾಗುವುದರೊಳಗೆ ಅದರ ಬೆಲೆ ಕುಸಿಯಿತು. ನಿಷೇಧವಲ್ಲದೆ ಮರುಮುದ್ರಣದ ಭಯವೂ ಇದೆ. ಹಳೆಯ ಕೆಲವು ಎಲೆಗಳನ್ನು ಎಂದಿಗೂ ಮರುಮುದ್ರಿಸುವುದಿಲ್ಲ ಎಂದು ಕಂಪನಿ 1996ರಲ್ಲಿ ಪಟ್ಟಿ ಮಾಡಿದೆ. 1993ರ 'ಬ್ಲ್ಯಾಕ್ ಲೋಟಸ್' ಲಕ್ಷಾಂತರ ಡಾಲರಿಗೆ ಮಾರಾಟವಾಗುವುದಕ್ಕೆ ಆ ಪಟ್ಟಿಯೂ ಒಂದು ಕಾರಣ. ಇಂದು ಪ್ಯಾಕೆಟ್‌ನಿಂದ ಬರುವ ಎಲೆಗೆ ಅಂಥ ಯಾವ ರಕ್ಷಣೆಯೂ ಇಲ್ಲ. ಮಾರಲು ಹೋದಾಗ ಅಂಗಡಿಯವರು ತಾವು ಮಾರುವ ಬೆಲೆಯ ಅರ್ಧದಷ್ಟು ಕೊಟ್ಟರೆ ಅದು ಒಳ್ಳೆಯ ವ್ಯಾಪಾರ. ಕಾಮನ್‌ಗಳನ್ನು ತೂಕದ ಲೆಕ್ಕದಲ್ಲಿ ನೋಡುತ್ತಾರೆ.

ನಮ್ಮಲ್ಲಿ ಆಮದು ಸುಂಕ, ಜಿಎಸ್‌ಟಿ, ಸಾಗಣೆ ಎಲ್ಲ ಸೇರುವುದರಿಂದ ವಿದೇಶದ ಜಾಲತಾಣದ ಬೆಲೆಯನ್ನು ರೂಪಾಯಿಗೆ ಗುಣಿಸಿ ನಿರ್ಧರಿಸಬೇಡಿ. ನಾಲ್ಕೈದು ಜನ ಸೇರಿ ಒಂದೇ ಆರ್ಡರ್ ಹಾಕಿದರೆ ಸಾಗಣೆ ಹಂಚಿಹೋಗುತ್ತದೆ. ಬಾಕ್ಸಿನಿಂದ ಬಿಡಿಸಿದ ಒಂಟಿ ಪ್ಯಾಕೆಟ್ ಅಪರಿಚಿತರಿಂದ ಕೊಳ್ಳುವುದು ಬೇಡ. ಹಳೆಯ ಪೋಕೆಮಾನ್ ಪ್ಯಾಕೆಟ್‌ಗಳನ್ನು ತಕ್ಕಡಿಗಿಟ್ಟು, ಹೊಳೆಯುವ ಎಲೆಯಿರುವ ಭಾರದ್ದನ್ನು ತೆಗೆದಿಟ್ಟು ಹಗುರದ್ದನ್ನು ಮಾರುವುದುಂಟು. ಫ್ಯಾನ್ಸಿ ಸ್ಟೋರ್‌ಗಳಲ್ಲಿ ಪೆಟ್ಟಿಗೆಯ ಅಷ್ಟೂ ಎಲೆ ಬಂಗಾರದ ಪ್ಲಾಸ್ಟಿಕ್ ಆಗಿರುವ ಪೋಕೆಮಾನ್ ಕಾರ್ಡು ನಕಲಿ. ಮಗು ಅದರಲ್ಲಿ ಖುಷಿಯಾಗಿ ಆಡಲಿ, ತೊಂದರೆಯಿಲ್ಲ, ಆದರೆ ಅಧಿಕೃತ ಪಂದ್ಯಕ್ಕೆ ಅದು ನಡೆಯದು. ಮ್ಯಾಜಿಕ್ ಎಲೆಯ ಅಸಲಿತನ ನೋಡಲು 30 ಪಟ್ಟು ಹಿಗ್ಗಿಸುವ ಮಸೂರ ಸಾಕು. ಹಿಂಬದಿಯ ಐದು ಬಣ್ಣದ ಚುಕ್ಕೆಗಳಲ್ಲಿ ಹಸಿರಿನೊಳಗೆ ನಾಲ್ಕು ಪುಟ್ಟ ಕೆಂಪು ಬಿಂದುಗಳು ಮೂಲೆಮಟ್ಟದ ಆಕಾರದಲ್ಲಿ ಕಾಣಬೇಕು, ಮುಂಬದಿಯ ಕಪ್ಪು ಅಕ್ಷರ ಚುಕ್ಕೆಚುಕ್ಕೆಯಾಗಿರದೆ ಗಟ್ಟಿಯಾಗಿರಬೇಕು. ಎಲೆ ಬಗ್ಗಿಸಿ ನೋಡುವ ಪರೀಕ್ಷೆ ಬೇಡ, ಅಸಲಿಯೂ ಹಾಳಾಗುತ್ತದೆ.

ಸ್ಲೀವ್, ಅಂದರೆ ಎಲೆಗೆ ತೊಡಿಸುವ ಪ್ಲಾಸ್ಟಿಕ್ ಕವಚ, ಕೊಳ್ಳುವಾಗ ಅಳತೆ ನೋಡಿ. ಮ್ಯಾಜಿಕ್ ಮತ್ತು ಪೋಕೆಮಾನ್ ಎಲೆ 63 × 88 ಮಿಮೀ, ಯು-ಗಿ-ಓ 59 × 86. ಪಾಲಿಪ್ರೊಪಿಲೀನ್ ಇರಲಿ, ಪಿವಿಸಿ ವರ್ಷಗಳು ಕಳೆದಂತೆ ಎಲೆಗೆ ಅಂಟುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಫಾಯಿಲ್ (ಹೊಳೆಯುವ) ಎಲೆ ದೋಣಿಯಂತೆ ಮುಂದಕ್ಕೆ ಬಾಗುತ್ತದೆ. ಹಿಂದಿನ ಕಾಗದ ತೇವ ಕುಡಿದು ಹಿಗ್ಗುತ್ತದೆ, ಮುಂದಿನ ಲೋಹದ ಪದರ ಹಿಗ್ಗುವುದಿಲ್ಲ, ಅಷ್ಟೇ ವಿಷಯ. ಬಾಗಿದ ಎಲೆ ಡೆಕ್ಕಿನಲ್ಲಿದ್ದರೆ ಕಲಸುವಾಗಲೇ ಎಲ್ಲಿದೆಯೆಂದು ತಿಳಿಯುತ್ತದೆ, ಪಂದ್ಯದಲ್ಲಿ ತೀರ್ಪುಗಾರರು ಅದನ್ನು ಗುರುತು ಮಾಡಿದ ಎಲೆ ಎಂದೇ ಪರಿಗಣಿಸುತ್ತಾರೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್‌ನ ಒಂದೆರಡು ಪೊಟ್ಟಣ, ಮಳೆಗಾಲ ಮುಗಿಯುವವರೆಗೆ ಅದನ್ನು ಆಗಾಗ ಬದಲಿಸುವುದು. ಆಡುವವರಿಗೆ ಫಾಯಿಲ್‌ಗಿಂತ ಸಾದಾ ಎಲೆಯೇ ವಾಸಿ, ಸಾಮಾನ್ಯವಾಗಿ ಅಗ್ಗವೂ ಹೌದು.

ಪ್ಯಾಕೆಟ್ ಒಡೆಯುವ ಸುಖವೇ ಬೇಕೆಂದರೆ ಅದಕ್ಕೂ ನ್ಯಾಯವಾದ ದಾರಿ ಇದೆ: ಡ್ರಾಫ್ಟ್. ಎಂಟು ಜನ, ತಲಾ ಮೂರು ಪ್ಯಾಕೆಟ್. ಒಂದು ಒಡೆದು ಒಂದು ಎಲೆ ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತ ಹೋಗಬೇಕು, ಕೊನೆಗೆ 23 ಎಲೆ, 17 ಲ್ಯಾಂಡ್ ಸೇರಿಸಿ 40ರ ಡೆಕ್. ಮೂರು ನಾಲ್ಕು ಗಂಟೆಯ ಆಟಕ್ಕೆ ಮೂರು ಪ್ಯಾಕೆಟ್‌ನ ಹಣ, ಎಲ್ಲರ ಬಂಡವಾಳವೂ ಒಂದೇ. 36ರ ಹಳೆಯ ಬಾಕ್ಸಿನಲ್ಲಿ 12 ಜನ ಆಡಬಹುದು. ಕಾಮನ್ ಎಲೆಗಳಿಂದಲೇ ಆಡುವ ಪಾಪರ್ ಮಾದರಿ ಇನ್ನೂ ಅಗ್ಗ. ಅಲ್ಲಿ ಡೆಕ್ಕಿಗಿಂತ ಸ್ಲೀವ್ ದುಬಾರಿ ಎಂಬ ತಮಾಷೆ ಪೂರ್ತಿ ತಮಾಷೆಯಲ್ಲ.

ಇವೆರಡನ್ನೂ ಕೂಡಿಸಿದ್ದೇ ಕ್ಯೂಬ್. ಎಂಟು ಜನಕ್ಕೆ ತಲಾ ಮೂರು ಪ್ಯಾಕೆಟ್, ಪ್ಯಾಕೆಟ್‌ಗೆ 15 ಎಲೆ, ಒಟ್ಟು 360. ಬೇರೆ ಬೇರೆ ಹೆಸರಿನ ಅಷ್ಟು ಕಾಮನ್‌ಗಳನ್ನು ಆರಿಸಿ ಪೆಟ್ಟಿಗೆಯಲ್ಲಿಡಿ. ಪ್ರತಿ ಬಣ್ಣಕ್ಕೆ 60, ಬಣ್ಣವಿಲ್ಲದವು ಮತ್ತು ಎರಡು ಬಣ್ಣದ ಲ್ಯಾಂಡ್ ಸೇರಿ ಉಳಿದ 60. ಜೊತೆಗೆ ಮೂಲ ಲ್ಯಾಂಡ್ ಬಣ್ಣಕ್ಕೆ 40ರಂತೆ 200. ಎಲ್ಲಕ್ಕೂ ಒಂದೇ ಬಣ್ಣದ ಸ್ಲೀವ್, ನೂರರ ಆರು ಕಟ್ಟು. ಆಟ ಮುಗಿದ ಮೇಲೆ ಕಲಸಿ ಮತ್ತೆ ಹದಿನೈದರ ಕಂತೆ ಮಾಡಿಟ್ಟರೆ ಮುಂದಿನ ಭಾನುವಾರಕ್ಕೆ 24 ಹೊಸ ಪ್ಯಾಕೆಟ್ ಸಿದ್ಧ. ಒಂದೇ ಸೆಟ್ಟಿನ ಬಾಕ್ಸ್‌ನಿಂದ ಇದಾಗದು. ಅದರಲ್ಲಿ 360 ಕಾಮನ್ ಸಿಕ್ಕರೂ ಹೆಸರು ಸುಮಾರು ನೂರೊಂದೇ, ಉಳಿದವು ಪುನರಾವರ್ತನೆ. ನಾಲ್ಕೈದು ವರ್ಷ ಪ್ಯಾಕೆಟ್ ಒಡೆದವರ ಮನೆಯ ಮಂಚದಡಿಯ ಶೂ ಡಬ್ಬಿಗಳಲ್ಲಿ ಹುಡುಕಿ, ಅಲ್ಲಿ ಬಹುತೇಕ ಆಗಲೇ ಇರುತ್ತವೆ.