ಆರೋಪಿಗೆ ಸಿಗಬೇಕಾದ ದಾಖಲೆಗಳು ಮತ್ತು ಮುಂದೆ ಸರಿಯುವ ವಿಚಾರಣೆ

ಆರೋಪಿ ದಾಖಲೆ ಕೇಳಿ ಅರ್ಜಿ ಹಾಕಿದರೆ ಅದು ಕಾಲಹರಣದ ತಂತ್ರವೆಂದು ಆಕ್ಷೇಪಿಸುವುದು ನಮ್ಮ ನ್ಯಾಯಾಲಯಗಳಲ್ಲಿ ಸಾಮಾನ್ಯ. ಆದರೆ ಈ ಹಕ್ಕು ಬಂದದ್ದೇ ವಿಚಾರಣೆಯನ್ನು ಚುರುಕುಗೊಳಿಸುವ ತಿದ್ದುಪಡಿಯೊಂದಿಗೆ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಸೆಷನ್ಸ್ ನ್ಯಾಯಾಲಯ ವಿಚಾರಿಸುವ ಗಂಭೀರ ಪ್ರಕರಣಗಳ ಸಾಕ್ಷ್ಯವನ್ನು ಮೊದಲು ಮ್ಯಾಜಿಸ್ಟ್ರೇಟರೇ ದಾಖಲಿಸಿಕೊಳ್ಳುತ್ತಿದ್ದುದರಿಂದ, ತನ್ನ ವಿರುದ್ಧ ಏನಿದೆಯೆಂಬುದು ಆರೋಪಿಗೆ ಅಲ್ಲಿಯೇ ತಿಳಿಯುತ್ತಿತ್ತು. 1955ರಲ್ಲಿ ಪೊಲೀಸ್ ಪ್ರಕರಣಗಳ ಮಟ್ಟಿಗೆ ಆ ದೀರ್ಘ ಹಂತವನ್ನು ಮೊಟಕುಗೊಳಿಸಿದಾಗ, ಪ್ರಥಮ ವರ್ತಮಾನ ವರದಿ, ಸಾಕ್ಷಿಗಳ ಹೇಳಿಕೆ ಮುಂತಾದವುಗಳ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ವಿಧಿಸಲಾಯಿತು. 1973ರ ಸಂಹಿತೆಯ 207ನೇ ಕಲಮು ಇದನ್ನೇ ಮುಂದುವರಿಸಿತು.

ತ್ವರಿತ ವಿಚಾರಣೆಯು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 1979ರಲ್ಲಿ, ಬಿಹಾರದ ವಿಚಾರಣಾಧೀನ ಕೈದಿಗಳಿಗೆ ಸಂಬಂಧಿಸಿದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸಾರಿತು. ಮುಂದೆ ಅದೇ ನ್ಯಾಯಾಲಯ ಕಾಲಮಿತಿಗಳನ್ನೂ ನಿಗದಿಪಡಿಸಿತು. 1994ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿದ್ದ ಮಂಗಳೂರು ಪಾಲಿಕೆಯ ಅಧಿಕಾರಿಯೊಬ್ಬರನ್ನು, 1999ರವರೆಗೂ ವಿಚಾರಣೆ ಆರಂಭವಾಗದ ಕಾರಣಕ್ಕೆ, ಆ ಮಿತಿಗಳನ್ನು ಅನುಸರಿಸಿ ವಿಶೇಷ ನ್ಯಾಯಾಧೀಶರು ಖುಲಾಸೆಗೊಳಿಸಿದರು. ಕರ್ನಾಟಕದ ಈ ಪ್ರಕರಣದಲ್ಲಿಯೇ 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅಂಥ ಕಡ್ಡಾಯ ಮಿತಿಗಳನ್ನು ಕೈಬಿಟ್ಟಿತು.

ಎರಡೂ ಹಕ್ಕುಗಳು ನೇರವಾಗಿ ಎದುರಾದದ್ದು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ಸಹ ಆರೋಪಿಯಾಗಿದ್ದ ವಿ.ಕೆ. ಶಶಿಕಲಾ ಅವರು, ತನಿಖಾಧಿಕಾರಿ ನ್ಯಾಯಾಲಯಕ್ಕೆ ಒಪ್ಪಿಸಿದ್ದರೂ ಪ್ರಾಸಿಕ್ಯೂಷನ್ ಸಾಕ್ಷ್ಯವಾಗಿ ಗುರುತು ಮಾಡಿಸದೆ ಬಿಟ್ಟಿದ್ದ ಕಾಗದಪತ್ರಗಳನ್ನು ನೋಡಲು, ಸಾಕ್ಷ್ಯ ಮುಗಿದು ಆರೋಪಿಗಳ ಹೇಳಿಕೆ ಪಡೆಯುವ ಹಂತದಲ್ಲಿ ಅನುಮತಿ ಕೇಳಿದರು. ವಿಚಾರಣೆಯನ್ನು ಬೇಗ ಮುಗಿಸುವ ಕಾತರಕ್ಕೆ ನ್ಯಾಯಯುತ ವಿಚಾರಣೆಯ ತತ್ವಗಳನ್ನು ಬಲಿಕೊಡಲಾಗದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಪರಿಶೀಲನೆಗೆ ಅವಕಾಶ ನೀಡಿತು. ಆ ಕಾಗದಗಳು ಮೊದಲೇ ಕೈಗೆ ಸಿಕ್ಕಿದ್ದರೆ ಅಷ್ಟು ತಡವಾಗಿ ಅರ್ಜಿಯ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದನ್ನು ವಿಳಂಬದ ಲೆಕ್ಕ ಹಾಕುವವರು ಮರೆಯಬಾರದು.

ತಾನು ಅವಲಂಬಿಸದ ದಾಖಲೆಗಳ ಪಟ್ಟಿಯನ್ನೂ ಪ್ರಾಸಿಕ್ಯೂಷನ್ ಕೊಡಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಟ್ಟಿಯೇ ಇಲ್ಲದಿದ್ದರೆ ಏನನ್ನು ಕೇಳಬೇಕೆಂಬುದೇ ವಕೀಲರಿಗೆ ಗೊತ್ತಾಗುವುದಿಲ್ಲ. 1973ರ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮು, ಆರೋಪಿ ಹಾಜರಾದ 14 ದಿನಗಳೊಳಗೆ ಪ್ರತಿ ಕೊಡಬೇಕೆನ್ನುತ್ತದೆ. ವಿದ್ಯುನ್ಮಾನ ರೂಪವೂ ಸಾಕು. ಆದರೆ ಈ ಗಡುವು ಪ್ರಾಸಿಕ್ಯೂಷನ್ ನೆಚ್ಚಿಕೊಂಡ ದಾಖಲೆಗಳಿಗೆ ಮಾತ್ರ ಅನ್ವಯಿಸುತ್ತದೆ. ಉಳಿದವುಗಳ ಪಟ್ಟಿಗೆ ಕಲಮಿನಲ್ಲಿ ಇನ್ನೂ ಜಾಗವಿಲ್ಲ.