ಪದ ಪರಿಚಯ: ಆಣ್ವಿಕ ಲಿಂಗಪತ್ತೆ

ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ವನ್ಯಜೀವಿಧಾಮದ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿ ಕಣ್ಣಿಗೆ ಬಿದ್ದರೂ ಅದು ಗಂಡೋ ಹೆಣ್ಣೋ ಎಂದು ದೂರದಿಂದ ಹೇಳುವುದು ಸುಲಭವಲ್ಲ. ಹೆಣ್ಣಿಗೂ ಸಾಮಾನ್ಯವಾಗಿ ಸಣ್ಣ ಕೊಂಬುಗಳಿರುತ್ತವೆ, ಮನುಷ್ಯರ ಸುಳಿವು ಸಿಕ್ಕರೆ ಪ್ರಾಣಿ ನಿಲ್ಲುವುದೂ ಇಲ್ಲ. ಆದರೆ ಅದು ಹಾಕಿಹೋದ ಹಿಕ್ಕೆಯ ಹೊರಮೈಗೆ ಕರುಳಿನ ಒಳಪದರದಿಂದ ಕಳಚಿದ ಜೀವಕೋಶಗಳು ಅಂಟಿಕೊಂಡಿರುತ್ತವೆ. ಹಿಕ್ಕೆಯಿಂದಲೋ ಬುಡಸಮೇತ ಕಿತ್ತುಬಂದ ಕೂದಲಿನಿಂದಲೋ ಡಿಎನ್‌ಎ ಬೇರ್ಪಡಿಸಿ, ಪ್ರಾಣಿಯನ್ನು ಹಿಡಿಯದೆ, ಬೆದರಿಸದೆ ಅದರ ಲಿಂಗವನ್ನು ತಿಳಿಯುವ ವಿಧಾನವೇ ಆಣ್ವಿಕ ಲಿಂಗಪತ್ತೆ. ಒಂದು ಕಾಡಿನಲ್ಲಿ ಮರಿ ಹಾಕಬಲ್ಲ ಹೆಣ್ಣುಗಳು ಎಷ್ಟಿವೆ ಎಂಬುದರ ಮೇಲೆ ಅಲ್ಲಿನ ಸಂತತಿಯ ಮುಂದಿನ ದಿನಗಳು ನಿಂತಿರುವುದರಿಂದ ಈ ಮಾಹಿತಿಗೆ ಬೆಲೆಯಿದೆ.

ಬಹುತೇಕ ಸಸ್ತನಿಗಳಲ್ಲಿ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಭ್ರೂಣದಲ್ಲಿ ವೃಷಣದ ಬೆಳವಣಿಗೆಗೆ ಚಾಲನೆ ಕೊಡುವ ಎಸ್‌ಆರ್‌ವೈ ಎಂಬ ಜೀನ್ ವೈ ವರ್ಣತಂತುವಿನ ಮೇಲಿದೆ ಎಂದು 1990ರಲ್ಲಿ ಗುರುತಿಸಲಾಯಿತು. ಪಿಸಿಆರ್ ವಿಧಾನದಿಂದ ಈ ಜೀನಿನ ತುಣುಕಿನ ಲೆಕ್ಕವಿಲ್ಲದಷ್ಟು ಪ್ರತಿಗಳನ್ನು ತೆಗೆದು, ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಎಂಬ ಲೋಳೆಯಂಥ ಪದರದಲ್ಲಿ ಹರಿಸಿದಾಗ ಗೆರೆಯಂಥ ಪಟ್ಟಿ ಮೂಡಿದರೆ ಗಂಡು ಎನ್ನಬಹುದು. ಮೂಡದಿದ್ದರೆ ಹೆಣ್ಣು ಎಂದು ಬರೆದುಕೊಳ್ಳುವುದು ಮಾತ್ರ ಸರಿಯಲ್ಲ. ಬಿಸಿಲಿಗೆ ಒಣಗಿ ಡಿಎನ್‌ಎ ಹಾಳಾದ ಹಿಕ್ಕೆಯಲ್ಲೂ ಪಟ್ಟಿ ಮೂಡುವುದಿಲ್ಲ. ಅದಕ್ಕಾಗಿ ಎಕ್ಸ್ ಮತ್ತು ವೈ ಎರಡರಲ್ಲೂ ಇದ್ದು, ಹಲವು ಪ್ರಾಣಿಗಳಲ್ಲಿ ಉದ್ದ ಬೇರೆಬೇರೆಯಾಗಿರುವ ಅಮೆಲೊಜೆನಿನ್‌ನಂಥ ಜೀನನ್ನು ನೋಡುತ್ತಾರೆ. ಹೆಣ್ಣಾದರೆ ಒಂದು ಪಟ್ಟಿ, ಗಂಡಾದರೆ ಎರಡು, ಮಾದರಿ ಕೆಟ್ಟಿದ್ದರೆ ಒಂದೂ ಇಲ್ಲ. ಇಷ್ಟಾದರೂ ಡಿಎನ್‌ಎ ತೀರ ಕಡಿಮೆಯಿದ್ದಾಗ ವೈ ಭಾಗದ ಪ್ರತಿ ಆಕಸ್ಮಿಕವಾಗಿ ತಪ್ಪಿಹೋಗಿ ಗಂಡು ಹೆಣ್ಣಾಗಿ ಕಾಣಬಹುದಾದ್ದರಿಂದ, ಹೆಣ್ಣೆಂದು ತೀರ್ಮಾನಿಸುವ ಮುನ್ನ ಪರೀಕ್ಷೆಯನ್ನು ಹಲವು ಬಾರಿ ಮಾಡಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಂಸಾಹಾರಿಗಳ ವಿಷಯದಲ್ಲಿ ಎಡವಟ್ಟು ಇದಕ್ಕೆ ತಿರುಗಾಮುರುಗಾ. ಬೆಳಗಾವಿ ಜಿಲ್ಲೆಯ ಭೀಮಗಡದ ಹೆಣ್ಣು ಚಿರತೆಯೊಂದು ಹೋತವನ್ನು ತಿಂದಿದ್ದರೆ ಅದರ ಮಲದಲ್ಲಿ ಹೋತದ ವೈ ಡಿಎನ್‌ಎಯೂ ಸೇರಿರುತ್ತದೆ. ಪ್ರತಿ ತೆಗೆಯಬೇಕಾದ ಭಾಗಕ್ಕೆ ಅಂಟಿಕೊಂಡು ಪಿಸಿಆರ್‌ಗೆ ಚಾಲನೆ ಕೊಡುವ ಡಿಎನ್‌ಎ ಚೂರಿಗೆ ಪ್ರೈಮರ್ ಎನ್ನುತ್ತಾರೆ. ಎಲ್ಲ ಸಸ್ತನಿಗಳಿಗೂ ಹೊಂದುವ ಪ್ರೈಮರ್ ಬಳಸಿದರೆ ಆ ಚಿರತೆ ಗಂಡೆಂದು ದಾಖಲಾಗುತ್ತದೆ. ಆದ್ದರಿಂದ ಬೇಟೆಯ ಡಿಎನ್‌ಎಗೆ ಹೊಂದದೆ, ಬೇಟೆಗಾರನದಕ್ಕೆ ಮಾತ್ರ ಹೊಂದುವ ಪ್ರೈಮರ್‌ಗಳನ್ನು ರೂಪಿಸಿಕೊಳ್ಳುತ್ತಾರೆ.

ಜಪಾನಿನ ಅಮಾಮಿ ದ್ವೀಪದ ಮುಳ್ಳಿಲಿಯಲ್ಲಿ ಗಂಡಿಗೂ ವೈ ವರ್ಣತಂತುವಿಲ್ಲ, ಎಸ್‌ಆರ್‌ವೈ ಜೀನೂ ಇಲ್ಲ. ಹೀಗಿರುವುದರಿಂದ ಹೊಸ ಪ್ರಾಣಿಯೊಂದಕ್ಕೆ ಈ ಪರೀಕ್ಷೆಯನ್ನು ಬಳಸುವ ಮೊದಲು, ಲಿಂಗ ಖಚಿತವಾಗಿ ಗೊತ್ತಿರುವ ಅದೇ ಜಾತಿಯ ಗಂಡು ಮತ್ತು ಹೆಣ್ಣುಗಳ ಮಾದರಿಗಳ ಮೇಲೆ ಅದನ್ನು ಒರೆಹಚ್ಚಿ ನೋಡುತ್ತಾರೆ.