ಹೆಡೆಯೆತ್ತಿದ ದೀಪ ಮರಳಿ ಬಂದ ಬಗೆ

ಕಾರವಾರದ ಕಡಲಂಚಿನ ಮನೆಗಳಲ್ಲಿ ಲೋಹದ ಟೇಬಲ್ ಲ್ಯಾಂಪು ಇಟ್ಟವರಿಗೆ ಉಪ್ಪುಗಾಳಿಯ ಚಿಂತೆ ತಪ್ಪಿದ್ದಲ್ಲ. ಬಣ್ಣ ಎಲ್ಲಿ ಎದ್ದಿತೋ ಅಲ್ಲಿ ತುಕ್ಕು. ಆದ್ದರಿಂದಲೇ ಇಲ್ಲಿನ ಪರಿಚಿತರೊಬ್ಬರು ‘ಕೋಬ್ರಾ’ ದೀಪ ಕೊಳ್ಳಹೊರಟು, ಅಸಲಿಗೂ ನಕಲಿಗೂ ಬೆಲೆಯಲ್ಲಿ ಇಷ್ಟು ಅಂತರವೇಕೆಂದು ಕೇಳಿದಾಗ ನಾನು ಮೊದಲು ಲೋಹ, ಬಣ್ಣಗಳ ಮಾತನ್ನೇ ಆಡಿದೆ. ನಿಜವಾದ ಉತ್ತರವಿರುವುದು ಆ ದೀಪದ ಚರಿತ್ರೆಯಲ್ಲಿ.

ಅದನ್ನು ರೂಪಿಸಿದವರು ಗ್ರೇಟಾ ಮ್ಯಾಗ್ನುಸನ್ ಗ್ರಾಸ್‌ಮನ್. 1906ರಲ್ಲಿ ಸ್ವೀಡನ್ನಿನ ಮರಗೆಲಸದ ಮನೆತನವೊಂದರಲ್ಲಿ ಹುಟ್ಟಿದ ಅವರು, ಯುರೋಪು ಯುದ್ಧದಲ್ಲಿ ಮುಳುಗಿದ್ದ 1940ರಲ್ಲಿ ಪತಿಯೊಂದಿಗೆ ಕ್ಯಾಲಿಫೋರ್ನಿಯಾ ಸೇರಿ, ಅಲ್ಲಿ ಪೀಠೋಪಕರಣ, ದೀಪ ಮತ್ತು ಮನೆಗಳನ್ನು ವಿನ್ಯಾಸಗೊಳಿಸಿದರು. ಕೋಬ್ರಾದ ಜಾಣ್ಮೆ ಅದರ ಹೆಡೆಯಲ್ಲೇ ಇದೆ. ಅಂಡಾಕಾರದ ಆ ಲೋಹದ ಮುಚ್ಚಳವು ಬಲ್ಬನ್ನು ಓದುವವರ ಕಣ್ಣಿನಿಂದ ಮರೆಮಾಡಿ ಬೆಳಕನ್ನು ಪುಟದ ಮೇಲಷ್ಟೇ ಬೀಳಿಸುತ್ತದೆ. ಬಳುಕುವ ಕತ್ತನ್ನು ಬೇಕಾದತ್ತ ಬಾಗಿಸಬಹುದು. ಹೆಡೆಯ ನೆರಳನ್ನು ಶ್ರೀರಕ್ಷೆಯೆಂದು ನಂಬಿ ನಾಗರಕಲ್ಲಿಗೆ ಹಾಲೆರೆಯುವ ನಮಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. 1950ರಲ್ಲಿ ‘ಗುಡ್ ಡಿಸೈನ್’ ಪ್ರಶಸ್ತಿ ಪಡೆದ ಈ ದೀಪವು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಪ್ರದರ್ಶನಗೊಂಡಿತು.

1960ರ ದಶಕದಲ್ಲಿ ಗ್ರೇಟಾ ವೃತ್ತಿಯಿಂದ ದೂರ ಸರಿದು, ಸ್ಯಾನ್ ಡಿಯಾಗೊ ಸಮೀಪದಲ್ಲಿ ನಿಸರ್ಗಚಿತ್ರ ಬರೆಯುತ್ತ ಉಳಿದರು. ದೀಪಗಳ ತಯಾರಿಕೆ ನಿಂತಿತು, ಹೆಸರೂ ಮಸುಕಾಯಿತು. 1999ರಲ್ಲಿ ಅವರು ತೀರಿಕೊಂಡರು. 2010ರಲ್ಲಿ ಸ್ಟಾಕ್‌ಹೋಮಿನ ವಾಸ್ತುಶಿಲ್ಪ ಸಂಗ್ರಹಾಲಯವು ಅವರ ಕೃತಿಗಳ ಪ್ರದರ್ಶನ ಏರ್ಪಡಿಸಿತು. ಅದರ ಆಸುಪಾಸಿನಲ್ಲೇ ಕೋಪನ್‌ಹೇಗನ್ನಿನ ಗುಬಿ ಎಂಬ ಪೀಠೋಪಕರಣ ಸಂಸ್ಥೆ ಅವರ ದೀಪಗಳನ್ನು ಅವರ ಹೆಸರಿನಲ್ಲೇ ಮತ್ತೆ ತಯಾರಿಸತೊಡಗಿತು. ಈ ಮನ್ನಣೆ ಅವರ ಕಣ್ಣೆದುರೇ ದೊರೆಯಬೇಕಿತ್ತು.

ನಕಲುಗಳ ಸಂಗತಿ ಬೇರೆ. ಭಾರತದ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿತ ವಿನ್ಯಾಸಕ್ಕೆ ಮೊದಲು 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ನೋಂದಣಿಗೆ ಅರ್ಹವಿದ್ದೂ ನೋಂದಾಯಿಸದ ವಿನ್ಯಾಸದ ವಸ್ತುವನ್ನು ಯಂತ್ರೋದ್ಯಮ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ, 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ಅದರ ಕೃತಿಸ್ವಾಮ್ಯವೇ ಕೊನೆಗೊಳ್ಳುತ್ತದೆ. ಆಮೇಲೆ ಆ ಆಕಾರವನ್ನು ಬೇರೆಯವರೂ ತಯಾರಿಸಬಹುದು, ನಕಲಿ ಅಗ್ಗವಾಗಲು ಇದೂ ಒಂದು ಕಾರಣ. ಕುರ್ಚಿ, ದೀಪಗಳಂಥ ದಿನಬಳಕೆಯ ವಸ್ತುಗಳ ಮೇಲೆ ಯಾರಿಗೂ ದೀರ್ಘಕಾಲದ ಏಕಸ್ವಾಮ್ಯ ಬೇಡವೆಂಬ ಈ ನಿಲುವು ನನಗೆ ಸರಿಯೆಂದೇ ತೋರುತ್ತದೆ. ಆದರೆ ಆಕಾರ ಎಲ್ಲರದ್ದಾಗುವಾಗ ಅದನ್ನು ಕಂಡುಕೊಂಡವರ ಹೆಸರು ಅಳಿಯಬೇಕಾಗಿಲ್ಲ. ಪರಿಚಿತರಿಗೆ ಅಂಗಡಿಯಲ್ಲಿ ತೋರಿಸಿದ್ದ ಅಗ್ಗದ ದೀಪದ ಪೆಟ್ಟಿಗೆಯನ್ನು ಅವರೂ ನಾನೂ ತಿರುಗಿಸಿ ತಿರುಗಿಸಿ ನೋಡಿದೆವು. ವ್ಯಾಟ್, ವೋಲ್ಟ್, ಬಣ್ಣ ಎಲ್ಲವನ್ನೂ ಅಚ್ಚುಹಾಕಿದ್ದರು, ಗ್ರೇಟಾ ಅವರ ಹೆಸರೊಂದು ಮಾತ್ರ ಎಲ್ಲಿಯೂ ಇರಲಿಲ್ಲ.